ಕಠ್ಮಂಡುವಾ, ಕಾಪ್ ಸಭೆಯಾ, ರೈತರ ಸಮ್ಮೇಳನವಾ: ನಮ್ಮ ಕಡೆಯ ವಿದ್ಯಾರ್ಥಿಗಳು ಯಾವುದಕ್ಕೆ ಹೋಗಬೇಕು?

ವರ್ಷಕ್ಕೆ ಒಂದೆರಡು ಸಲ ಯಾರಾದರೂ ಈ ಪ್ರಶ್ನೆ ತಂದೇ ತರುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವವರು, ಕೃಷಿ ವಿವಿಯವರು, ಹುಬ್ಬಳ್ಳಿ ನವನಗರದಲ್ಲಿ ಕಾನೂನು ಓದುವವರು. "ಅಣ್ಣಾ, ಹೊರದೇಶದಲ್ಲಿ ಒಂದು ದೊಡ್ಡ ಸಮಾವೇಶ ಇದೆಯಂತೆ, ಅರ್ಜಿ ಹಾಕಲಾ?" ಯಾವುದಪ್ಪಾ ಅಂತ ಕೇಳಿದರೆ ನಾಲ್ಕು ಹೆಸರು ಒಟ್ಟಿಗೆ ಬರುತ್ತವೆ: ಕಠ್ಮಂಡುವಿನಲ್ಲಿ ನಡೆದ ವಿಶ್ವ ಸಾಮಾಜಿಕ ವೇದಿಕೆ, ರೈತರ ಜಾಗತಿಕ ಸಮ್ಮೇಳನ, ವಿಶ್ವ ಯುವಜನ ವಿದ್ಯಾರ್ಥಿ ಉತ್ಸವ, ಕಾಪ್ ಅನ್ನುವ ವಿಶ್ವಸಂಸ್ಥೆಯ ಹವಾಮಾನ ಸಭೆ. ಎಲ್ಲವೂ ಹೋರಾಟಗಾರರು ಸೇರುವ ಜಾಗ, ಯಾವುದಕ್ಕೆ ಹೋದರೂ ಒಂದೇ ಅಂತ ಅವರ ಲೆಕ್ಕ. ಒಂದೇ ಅಲ್ಲ. ಒಂದಕ್ಕೆ ಯಾರು ಬೇಕಾದರೂ ಹೋಗಬಹುದು, ಇನ್ನೊಂದಕ್ಕೆ ಸಂಘಟನೆ ಆರಿಸಿ ಕಳಿಸಬೇಕು, ಮತ್ತೊಂದರಲ್ಲಿ ಬ್ಯಾಡ್ಜ್ ಇಲ್ಲದಿದ್ದರೆ ಗೇಟಿನೊಳಗೇ ಬಿಡುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ದೇಶ, ಎಷ್ಟು ದೊಡ್ಡ ಸಭೆ, ಯಾರ ಭಾಷಣ ಅನ್ನುವುದನ್ನು ನೋಡಿ ಆರಿಸಬೇಡಿ. ನಿಮ್ಮ ಕೈಯಲ್ಲಿ ಈಗ ಯಾವ ಕೆಲಸ ಇದೆ, ವಾಪಸ್ ಬಂದ ಮೇಲೆ "ಏನಾಯಿತು, ಹೇಳು" ಅಂತ ಕೇಳುವವರು ಯಾರಿದ್ದಾರೆ, ಇವೆರಡನ್ನು ನೋಡಿ ಆರಿಸಿ. ಎರಡಕ್ಕೂ ಉತ್ತರ ಇಲ್ಲ ಅಂದರೆ ಈ ವರ್ಷ ಇಲ್ಲೇ ಇರಿ. ಅದರ ಬಗ್ಗೆಯೂ ಮುಂದೆ ಬರೆದಿದ್ದೇನೆ.

ವಿಶ್ವ ಸಾಮಾಜಿಕ ವೇದಿಕೆ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ವರ್ಲ್ಡ್ ಸೋಶಿಯಲ್ ಫೋರಂ ಅಂತಲೇ ಜಾಸ್ತಿ ಜನಕ್ಕೆ ಗೊತ್ತು. ದಾವೋಸ್‌ನಲ್ಲಿ ದುಡ್ಡಿದ್ದವರು, ಮಂತ್ರಿಗಳು ಸೇರಿ ಜಗತ್ತಿನ ಆರ್ಥಿಕತೆ ಮಾತಾಡುವ ಹೊತ್ತಿಗೇ, ಉಳಿದವರೂ ಒಂದು ಕಡೆ ಸೇರೋಣ ಅಂತ 2001ರ ಜನವರಿಯಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ ಶುರು ಮಾಡಿದ್ದು. 2004ರ ಜನವರಿ 16ರಿಂದ 21ರವರೆಗೆ ಮುಂಬೈನ ಗೋರೆಗಾಂವ್‌ನಲ್ಲಿ ನಡೆಯಿತು. ಬ್ರೆಜಿಲ್ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಆಮೇಲೆ ನೈರೋಬಿ, ಡಕಾರ್, ಟ್ಯೂನಿಸ್, ಮಾಂಟ್ರಿಯಲ್ ಎಲ್ಲ ಸುತ್ತಿ 2024ರ ಫೆಬ್ರುವರಿಯಲ್ಲಿ ಕಠ್ಮಂಡುವಿಗೆ ಬಂತು.

ಇದರ ನಡೆ ಹೀಗಿದೆ. ಮೇಲೆ ಕೂತು ಕಾರ್ಯಕ್ರಮ ಮಾಡುವವರು ಇರುವುದಿಲ್ಲ, ಅಥವಾ ಬಹಳ ಕಡಿಮೆ. ಯಾವ ಸಂಘಟನೆ ಬೇಕಾದರೂ ತನ್ನ ಗೋಷ್ಠಿ ನೋಂದಾಯಿಸಬಹುದು. ಕೊಟ್ಟ ಕೋಣೆಯಲ್ಲೋ ಡೇರೆಯಲ್ಲೋ ಕೊಟ್ಟ ಹೊತ್ತಿಗೆ ನಡೆಸಬಹುದು. ಕೊನೆಗೆ ವೇದಿಕೆಯ ಹೆಸರಲ್ಲಿ ಒಂದು ಠರಾವು ಅಂತ ಇಲ್ಲ, ಅದು ಅವರ ನಿಯಮದಲ್ಲೇ ಇದೆ. ರಾಜಕೀಯ ಪಕ್ಷಗಳು ಪಕ್ಷವಾಗಿ ಬರುವಂತಿಲ್ಲ. ಹಾಗಾಗಿ ಇದೊಂದು ಜಾತ್ರೆ. ತೇರು ಯಾವ ಕಡೆ ಹೋಗುತ್ತದೆ ಅಂತ ಗೊತ್ತಿಲ್ಲದವರು ಬರೀ ಅಂಗಡಿ ಸಾಲು ನೋಡಿ ವಾಪಸ್ ಬರುತ್ತಾರೆ.

ಬೆಳಿಗ್ಗೆ ಕಾರ್ಯಕ್ರಮ ಪಟ್ಟಿ ಕೈಗೆ ಬರುತ್ತದೆ. ಒಂದೇ ಹೊತ್ತಿಗೆ ಹತ್ತಾರು ಗೋಷ್ಠಿ. ಒಂದರಲ್ಲಿ ಇನ್ನೂರು ಜನ, ಪಕ್ಕದ ಡೇರೆಯಲ್ಲಿ ಏಳು ಜನ. ಒಂದು ಗೋಷ್ಠಿ ಜಾಗ ಬದಲಾಯಿಸಿರುತ್ತದೆ, ಬಾಗಿಲಿಗೆ ಪೆನ್ನಲ್ಲಿ ಬರೆದ ಚೀಟಿ ಅಂಟಿಸಿರುತ್ತಾರೆ, ಅರ್ಧ ಜನ ಹಳೇ ಜಾಗದಲ್ಲೇ ಕಾಯುತ್ತಾ ಕೂತಿರುತ್ತಾರೆ. ಪೋರ್ಚುಗೀಸ್‌ನಲ್ಲಿ ಯಾರೋ ಮಾತಾಡುತ್ತಿದ್ದರೆ, ಪಕ್ಕದಲ್ಲಿ ಒಬ್ಬರು ಇಂಗ್ಲಿಷ್‌ಗೆ, ಹಿಂದೆ ಇನ್ನೊಬ್ಬರು ಅದನ್ನು ಕೇಳಿ ಮೆಲ್ಲಗೆ ಹಿಂದಿಗೆ ಹೇಳುತ್ತಿರುತ್ತಾರೆ, ನಡುವೆ ಎರಡು ವಾಕ್ಯ ಕಳೆದೇ ಹೋಗಿರುತ್ತವೆ. ನನ್ನ ಸಲಹೆ ಇಷ್ಟೇ: ಏಳು ಜನರ ಡೇರೆಗೆ ಹೋಗಿ. ಅಲ್ಲಿ ನಿಮ್ಮ ಸರದಿ ಬರುತ್ತದೆ. ಇನ್ನೂರು ಜನರ ಸಭೆಯ ಭಾಷಣ ಹೇಗೂ ಯೂಟ್ಯೂಬ್‌ಗೆ ಬರುತ್ತದೆ.

ನಮ್ಮ ಉಪಖಂಡದಲ್ಲಿ ನಡೆದಾಗ ಹೋಗುವುದು ಬಹಳ ಸಲೀಸು. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ಚುನಾವಣಾ ಆಯೋಗದ ಗುರುತಿನ ಚೀಟಿ ನಡೆಯುತ್ತದೆ. ಆಧಾರ್ ನಂಬಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ, ಬಿಡುವುದಿಲ್ಲ. ಹುಬ್ಬಳ್ಳಿಯಿಂದ ಬನಾರಸ್‌ಗೆ ವಾರಕ್ಕೊಂದು ರೈಲಿದೆ. ಅಲ್ಲಿಂದ ಗೋರಖ್‌ಪುರ, ಆಮೇಲೆ ಸುನೌಲಿ ಗಡಿ. ನಡೆದು ದಾಟಿದರೆ ಆ ಕಡೆ ಕಠ್ಮಂಡುವಿಗೆ ಬಸ್ಸು. ನಮ್ಮ 1 ರೂಪಾಯಿಗೆ ಅಲ್ಲಿ 1.60. ಇನ್ನು ಭಾಷೆ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯುವವರು ಜಾಸ್ತಿ. ನೇಪಾಳದಲ್ಲಿ ಹಿಂದಿ ಚೆನ್ನಾಗಿ ನಡೆಯುತ್ತದೆ, ಹುಬ್ಬಳ್ಳಿ ಸಂತೆಯಲ್ಲಿ ಕಲಿತ ಹಿಂದಿಯಾದರೂ ಸಾಕು.

ಇದರ ಮೇಲಿನ ದೂರೂ ಗೊತ್ತಿರಲಿ. ಬರೀ ಮಾತು, ತೀರ್ಮಾನ ಇಲ್ಲ. ಎನ್‌ಜಿಒಗಳ ದುಡ್ಡಿನ ಮೇಲೆ ನಡೆಯುತ್ತದೆ. ಇದು ಹಳೇ ತಕರಾರು. ಮುಂಬೈನಲ್ಲಿ ಸಂಘಟಕರು ಅಮೆರಿಕದ ಫೋರ್ಡ್ ಫೌಂಡೇಶನ್ ದುಡ್ಡು ಬೇಡ ಅಂದರು. ಅಷ್ಟಾದರೂ ಕೆಲವು ಎಡ ಸಂಘಟನೆಗಳಿಗೆ ಸಮಾಧಾನ ಆಗಲಿಲ್ಲ. ರಸ್ತೆಯ ಆ ಬದಿಯಲ್ಲೇ 'ಮುಂಬೈ ರೆಸಿಸ್ಟನ್ಸ್' ಅಂತ ಬೇರೆ ಸಮಾವೇಶವನ್ನೇ ಹಾಕಿದರು. ನನಗೆ ಕೇಳಿದರೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಒಂದೇ ರಸ್ತೆ, ಎರಡು ಬದಿ, ಎರಡೂ ಕಡೆ ಹೋಗಿ ಕೇಳಬಹುದಿತ್ತು.

ರೈತರ ದಾರಿ

ಮನೆಯಲ್ಲಿ ಹೊಲ ಇದ್ದವರು, ಕೃಷಿ ಓದುವವರು, ರೈತ ಸಂಘದ ಸಭೆಗೆ ಅಪ್ಪನ ಜೊತೆ ಹೋಗಿ ರೂಢಿ ಇದ್ದವರು, ನಿಮಗೆ ಬೇರೆ ದಾರಿ ಇದೆ. ಬೇರೆ ಜಿಲ್ಲೆಯವರಿಗೆ ಇಲ್ಲದ ಹಕ್ಕು ನಮಗೆ ಸ್ವಲ್ಪ ಜಾಸ್ತಿಯೇ ಇದೆ ಅಂತಲೂ ಹೇಳುತ್ತೇನೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಪೊಲೀಸರು ಗೋಲಿಬಾರ್ ಮಾಡಿದ್ದರಿಂದಲೇ ಅಲ್ವಾ ಈ ರಾಜ್ಯದ ರೈತ ಚಳವಳಿಗೆ ಕಾವು ಬಂದದ್ದು.

ಲಾ ವಿಯಾ ಕ್ಯಾಂಪೆಸಿನಾ ಅನ್ನುವುದು ಸಣ್ಣ ರೈತರ, ಕೂಲಿಕಾರರ ಜಾಗತಿಕ ಒಕ್ಕೂಟ. 1993ರಲ್ಲಿ ಬೆಲ್ಜಿಯಂನ ಮಾನ್ಸ್‌ನಲ್ಲಿ ಶುರುವಾಯಿತು. ಕರ್ನಾಟಕ ರಾಜ್ಯ ರೈತ ಸಂಘ ಅದರ ಸದಸ್ಯ. 1999ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ ನೂರಾರು ರೈತರು ಹಸಿರು ಶಾಲು ಹಾಕಿಕೊಂಡು ಯುರೋಪ್ ಸುತ್ತಿದರು. ಕಲೋನ್‌ನಲ್ಲಿ ಶ್ರೀಮಂತ ದೇಶಗಳ ಶೃಂಗಸಭೆ ನಡೆಯುವ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತರು. ಮರುವರ್ಷ, 2000ದಲ್ಲಿ, ಒಕ್ಕೂಟದ ಮೂರನೇ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ಆಯಿತು. ಇತ್ತೀಚಿನ ಎಂಟನೇದು 2023ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ.

ಇದಕ್ಕೆ ನೀವಾಗಿ ಅರ್ಜಿ ಹಾಕುವುದಲ್ಲ. ಸಂಘಟನೆ ಕಳಿಸಬೇಕು. ಮುಖ್ಯ ಸಮ್ಮೇಳನದ ಜೊತೆಗೆ ಯುವಜನರ ಸಭೆ, ಮಹಿಳೆಯರ ಸಭೆ ಪ್ರತ್ಯೇಕ ಇರುತ್ತವೆ. ಸಂಘಟನೆಗಳು ಹುಡುಗಿಯರನ್ನೂ ಯುವಕರನ್ನೂ ಕಳಿಸಲೇಬೇಕು ಅನ್ನುವ ಒತ್ತಾಯವೂ ಇರುತ್ತದೆ. ಆದರೆ ನಮ್ಮಲ್ಲಿ ರೈತ ಸಂಘಟನೆಗಳ ವೇದಿಕೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯನ್ನು ಎಷ್ಟು ಸಲ ನೋಡಿದ್ದೀರಿ? ಅಲ್ಲೇ ಜಾಗ ಖಾಲಿ ಇದೆ. ಒಂದು ವರ್ಷ ತಾಲ್ಲೂಕು ಮಟ್ಟದಲ್ಲಿ ಸಭೆಯ ವರದಿ ಬರೆಯುವುದು, ಪತ್ರ ವ್ಯವಹಾರ, ಮನವಿ ಟೈಪ್ ಮಾಡುವುದು ಇವನ್ನೆಲ್ಲ ಮಾಡಿಕೊಟ್ಟ ವಿದ್ಯಾರ್ಥಿಯ ಹೆಸರು ಪಟ್ಟಿಗೆ ತಾನಾಗಿ ಬರುತ್ತದೆ. ಪೆನ್ನು ಹಿಡಿಯುವವರು ಅಲ್ಲಿ ಯಾವಾಗಲೂ ಕಡಿಮೆ.

ಅಲ್ಲಿಗೆ ಹೋಗಿ ಮಾತಾಡುವುದು ಏನು ಅಂತ ಕೇಳುತ್ತೀರಾ? ರಾಣೆಬೆನ್ನೂರು ಸುತ್ತ ಒಂದು ಸಲ ತಿರುಗಾಡಿ ಬನ್ನಿ. ಕಂಪನಿಗಳಿಗೆ ಬೀಜ ಬೆಳೆದು ಕೊಡುವ ಹೊಲಗಳಿವೆ. ಹೆಣ್ಣುಮಕ್ಕಳು ಸಾಲಿನಲ್ಲಿ ನಿಂತು ಮೊಗ್ಗು ಬಿಡಿಸಿ, ಗಂಡು ಹೂವಿನ ಪರಾಗ ಕೈಯಿಂದಲೇ ಮುಟ್ಟಿಸಿ, ಆದ ಹೂವಿಗೆ ಗುರುತಿನ ದಾರ ಕಟ್ಟುತ್ತಾ ಹೋಗುತ್ತಾರೆ. ಆ ಬೀಜ ಯಾರದು, ಬೆಲೆ ಯಾರು ಕಟ್ಟುತ್ತಾರೆ, ಬೀಜ ಫೇಲಾದರೆ ನಷ್ಟ ಯಾರ ತಲೆಗೆ? 2018ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆ ಒಪ್ಪಿತು, ಅದರ 19ನೇ ವಿಧಿ ಬೀಜದ ಹಕ್ಕಿನ ಬಗ್ಗೆಯೇ. ಅದಕ್ಕಾಗಿ ವರ್ಷಗಟ್ಟಲೆ ಹಟ ಹಿಡಿದದ್ದು ಇದೇ ಒಕ್ಕೂಟ. ನಮ್ಮ 2001ರ ಸಸ್ಯತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಏನು ಹೇಳುತ್ತದೆ ಅನ್ನುವುದನ್ನೂ ಓದಿಕೊಂಡು, ರಾಣೆಬೆನ್ನೂರಿನ ಹೊಲದ ಲೆಕ್ಕ ಇಟ್ಟುಕೊಂಡು ಹೋದರೆ ನಿಮ್ಮ ಮಾತು ಕೇಳದೇ ಇರುವವರು ಯಾರು?

ದೂರ ಹೋಗಲಾಗದಿದ್ದರೆ ಹತ್ತಿರದಲ್ಲೂ ಇದೆ. ಆಹಾರ ಸಾರ್ವಭೌಮತೆ, ಅಂದರೆ ಏನು ಬೆಳೆಯಬೇಕು, ಏನು ತಿನ್ನಬೇಕು ಅಂತ ಜನರೇ ತೀರ್ಮಾನಿಸುವ ಹಕ್ಕು, ಅದರ ನ್ಯೆಲೆನಿ ವೇದಿಕೆ 2007ರಲ್ಲಿ ಮಾಲಿಯಲ್ಲಿ ಆಗಿತ್ತು, 2025ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾದ ಕ್ಯಾಂಡಿಗೇ ಬಂತು. ಅದೂ ಬೇಡ ಅಂದರೆ ಚಾಮರಾಜನಗರ ಜಿಲ್ಲೆಯ ಅಮೃತಭೂಮಿ ಇದೆ. ರೈತ ಸಂಘ ಕಟ್ಟಿದ್ದು, ವಿಯಾ ಕ್ಯಾಂಪೆಸಿನಾದ ಕೃಷಿ ಶಾಲೆಗಳಲ್ಲಿ ಒಂದು. ಪಾಸ್‌ಪೋರ್ಟೂ ಬೇಡ, ಬಸ್ ಟಿಕೆಟ್ ಸಾಕು.

ವಿದ್ಯಾರ್ಥಿ ಸಂಘಟನೆಗಳ ವಿಶ್ವ ಉತ್ಸವ

ವಿಶ್ವ ಯುವಜನ ವಿದ್ಯಾರ್ಥಿ ಉತ್ಸವ ಇವೆಲ್ಲಕ್ಕಿಂತ ಹಳೆಯದು. 1947ರಲ್ಲಿ ಪ್ರಾಗ್‌ನಲ್ಲಿ ಮೊದಲನೆಯದು. 1957ರ ಮಾಸ್ಕೋ ಉತ್ಸವಕ್ಕೆ ಮೂವತ್ತು ಸಾವಿರಕ್ಕೂ ಜಾಸ್ತಿ ಯುವಜನ ಬಂದಿದ್ದರು. ಹವಾನಾದಲ್ಲಿ ಎರಡು ಸಲ, 1978 ಮತ್ತು 1997. ಎಐಎಸ್‌ಎಫ್, ಎಸ್‌ಎಫ್‌ಐ, ಡಿವೈಎಫ್‌ಐನಂಥ ಎಡಪಂಥದ ವಿದ್ಯಾರ್ಥಿ, ಯುವಜನ ಸಂಘಟನೆಗಳ ಮೂಲಕ ಪ್ರತಿನಿಧಿಗಳ ಆಯ್ಕೆ. ನೀವು ಆ ಸಂಘಟನೆಯಲ್ಲಿ ಇಲ್ಲದಿದ್ದರೆ ಬಾಗಿಲು ಹೆಚ್ಚೂಕಡಿಮೆ ಮುಚ್ಚಿದಂತೆ. ಇದ್ದರೆ, ರಾಜ್ಯ ಸಮಿತಿ ಯಾರನ್ನು ಕಳಿಸುತ್ತದೆ ಅನ್ನುವುದು ನಿಮಗೇ ಗೊತ್ತು, ನಾನು ಹೇಳುವುದೇನೂ ಇಲ್ಲ. ವರ್ಷ ವರ್ಷ ನಡೆಯುವುದೂ ಇಲ್ಲ. ಇದನ್ನೇ ಕಾಯುತ್ತಾ ಕೂತರೆ ಡಿಗ್ರಿ ಮುಗಿದಿರುತ್ತದೆ.

ಒಂದು ಎಚ್ಚರಿಕೆ. 19ನೇ ಉತ್ಸವ 2017ರಲ್ಲಿ ರಷ್ಯಾದ ಸೋಚಿಯಲ್ಲಿ ಆಯಿತು. 2024ರ ಮಾರ್ಚ್‌ನಲ್ಲಿ ಅದೇ ಸೋಚಿ ಪಕ್ಕದ ಸಿರಿಯಸ್‌ನಲ್ಲಿ ವಿಶ್ವ ಯುವಜನ ಉತ್ಸವ ಅಂತ ಇನ್ನೊಂದು ಆಯಿತು. ಹೆಸರು ಹತ್ತತ್ತಿರ, ಆದರೆ ಅದು ರಷ್ಯಾ ಅಧ್ಯಕ್ಷರ ಆದೇಶದ ಮೇಲೆ ಸರ್ಕಾರ ನಡೆಸಿದ ಕಾರ್ಯಕ್ರಮ. ಆ ಹೊತ್ತಿಗೆ ಉಕ್ರೇನ್ ಯುದ್ಧಕ್ಕೆ ಎರಡು ವರ್ಷ ತುಂಬಿತ್ತು. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಊಟ ವಸತಿ ಬಿಟ್ಟಿ ಕೊಡುವ ಸರ್ಕಾರ ಯಾವುದೇ ಇರಲಿ, ಯಾಕೆ ಕೊಡುತ್ತಿದೆ, ನಿಮ್ಮ ಫೋಟೊ ಎಲ್ಲಿ ಬಳಕೆಯಾಗುತ್ತದೆ ಅಂತ ಯೋಚನೆ ಮಾಡಿಯೇ ಸಹಿ ಹಾಕಿ.

ಕಾಪ್ ಸಭೆ: ಕೊನೆಗಿಡಿ

ಈಗ ಎಲ್ಲರ ಬಾಯಲ್ಲೂ ಇರುವುದು ಇದೇ. ವಿಶ್ವಸಂಸ್ಥೆಯ ಹವಾಮಾನ ಸಭೆ. ಗ್ಲಾಸ್ಗೊ, ಶರ್ಮ್ ಎಲ್ ಶೇಖ್, ದುಬೈ, ಬಾಕು, 2025ರಲ್ಲಿ ಬ್ರೆಜಿಲ್‌ನ ಬೆಲೆಮ್. ಇದು ಹೋರಾಟಗಾರರ ಸಭೆ ಅಲ್ಲ, ಸರ್ಕಾರಗಳ ಸಭೆ. ಮಾತುಕತೆ ನಡೆಯುವ ಒಳಗಿನ ನೀಲಿ ವಲಯಕ್ಕೆ ವೀಕ್ಷಕ ಸಂಸ್ಥೆಯ (ವಿಶ್ವಸಂಸ್ಥೆ ಮಾನ್ಯ ಮಾಡಿದ ಸರ್ಕಾರೇತರ ಸಂಸ್ಥೆ) ಬ್ಯಾಡ್ಜ್ ಬೇಕು, ಅವು ಲೆಕ್ಕದವು. ಹೊರಗಿನ ಹಸಿರು ವಲಯ ಸಾರ್ವಜನಿಕರಿಗೆ. ಯುವಜನರ ಅಧಿಕೃತ ಬಳಗದ ಹೆಸರು ಯಂಗೊ. ಸಭೆಗೆ ಮೊದಲು ಸಿಒವೈ ಅಂತ ಯುವ ಸಮ್ಮೇಳನ ನಡೆಸುತ್ತದೆ, ದೇಶ ಮಟ್ಟದಲ್ಲೂ ಅದರ ಸಣ್ಣ ರೂಪ ಇರುತ್ತದೆ. ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ಯಾಕೆ ಕೊನೆಗಿಡಿ ಅನ್ನುತ್ತೇನೆ ಅಂದರೆ, ಖರ್ಚು ವಿಪರೀತ. ಬೆಲೆಮ್‌ನಲ್ಲಿ ಹೋಟೆಲ್ ದರ ಕೇಳಿ ಬಡ ದೇಶಗಳ ಸರ್ಕಾರಿ ನಿಯೋಗಗಳೇ ಕಂಗಾಲಾಗಿದ್ದವು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ, ನಮ್ಮ ಸೆಮಿಸ್ಟರ್ ಪರೀಕ್ಷೆಯ ಬುಡಕ್ಕೇ ಬರುತ್ತದೆ. ಎಲ್ಲಕ್ಕಿಂತ ಜಾಸ್ತಿ, ಅಲ್ಲಿನ ಮಾತುಕತೆ ಒಂದೊಂದು ಪದದ ಮೇಲೆ ನಡೆಯುತ್ತದೆ. ಒಪ್ಪಂದದ ಕರಡು ಓದಲು ಬರದವರು ಕಾರಿಡಾರಿನಲ್ಲಿ ಫಲಕ ಹಿಡಿದು ನಿಲ್ಲಬೇಕಾಗುತ್ತದೆ. ಕಾನೂನು ಓದುವವರಿಗೆ, ಪರಿಸರ ವಿಜ್ಞಾನದ ಸಂಶೋಧನೆ ಮಾಡುವವರಿಗೆ ಲಾಭ ಇದೆ, ಒಪ್ಪುತ್ತೇನೆ. ಉಳಿದವರು ಪಕ್ಕದಲ್ಲಿ ನಡೆಯುವ ಜನರ ಶೃಂಗಸಭೆಗೆ ಹೋದರೆ ಕಿವಿಗೆ ಬೀಳುವುದು ಜಾಸ್ತಿ. ಬೆಲೆಮ್‌ನಲ್ಲೂ ಅದು ಆಯಿತು.

ಇವುಗಳ ಜೊತೆಗೆ ಇನ್ನೊಂದು ಬಗೆ ಇದೆ. "ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ" ಅಂತ ಇಮೇಲ್ ಬರುತ್ತದೆ, ಬಾಲಿಯಲ್ಲೋ ದುಬೈನಲ್ಲೋ ಯುವ ನಾಯಕರ ಶೃಂಗಸಭೆ, ನೋಂದಣಿ ಶುಲ್ಕ ಮೂರು ದಿನದೊಳಗೆ ಕಟ್ಟಿ. ಸರ್ಟಿಫಿಕೇಟ್ ಕೊಡುತ್ತಾರೆ, ಕೋಟು ಹಾಕಿಕೊಂಡ ಫೋಟೊ ತೆಗೆಯುತ್ತಾರೆ. ಅದು ಪ್ರವಾಸದ ಪ್ಯಾಕೇಜು. ಹೋಲಿಕೆಗೇ ತರಬೇಡಿ.

ಹೋಗದೇ ಇರುವುದು

ಇದೂ ಒಂದು ಆಯ್ಕೆ, ನಾಚಿಕೆ ಪಡುವಂಥದ್ದಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ, ಊರಿನ ಸಾರ್ವಜನಿಕ ಜಮೀನಿನಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಗಾಗಿ ನೆಟ್ಟಿದ್ದ ನೀಲಗಿರಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಅದರ ಬೆನ್ನಿಗೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ನಿಂತಿತ್ತು, ಸುಪ್ರೀಂ ಕೋರ್ಟಿನವರೆಗೂ ಕೇಸು ಹೋಯಿತು, ಆ ಕಂಪನಿ 1991ರಲ್ಲಿ ಮುಚ್ಚಿತು. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಜಮೀನು ಕೊಡಲ್ಲ ಅಂತ ಎದ್ದ ರೈತರೂ, ಮಠಗಳೂ ಯೋಜನೆ ವಾಪಸ್ ಕಳಿಸಿದರು. ಆಗ ಮೂವತ್ತು ನಲವತ್ತು ವರ್ಷದವರಾಗಿದ್ದ ಎಷ್ಟೋ ಜನ ಇವತ್ತಿಗೂ ಅದೇ ಊರುಗಳಲ್ಲಿ ಇದ್ದಾರೆ. ಹೋಗಿ ಕೂತು ಕೇಳಿ, ಬರೆದುಕೊಳ್ಳಿ. ಅದೇ ಗದಗ ಜಿಲ್ಲೆಯ ಕಪ್ಪತಗುಡ್ಡದ ಗಣಿ ವಿಷಯ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಒಂದು ವರ್ಷ ಇದರಲ್ಲಿ ಕೆಲಸ ಮಾಡಿದವರು ಮುಂದಿನ ಸಲ ಎಲ್ಲಿಗೆ ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ.

ಕಾಗದ, ದುಡ್ಡು, ಕೇಸು

ಪಾಸ್‌ಪೋರ್ಟ್ ಈಗಲೇ ಮಾಡಿಸಿ, ಹೋಗುವುದು ಆಮೇಲೆ. ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರ ಇದೆ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000.

ಪ್ರತಿಭಟನೆಯ ಕೇಸು ಮೈಮೇಲಿದ್ದವರು ಇದನ್ನು ಗಮನವಿಟ್ಟು ಓದಿ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಕೋರ್ಟಿನಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಬರೀ ಎಫ್‌ಐಆರ್ ಇದ್ದ ಮಾತ್ರಕ್ಕೆ ಬಾಕಿ ಅಂತ ಆಗುವುದಿಲ್ಲ. ಚಾರ್ಜ್‌ಶೀಟ್ ಹೋಗಿ ಕೋರ್ಟು ಅದನ್ನು ವಿಚಾರಣೆಗೆ ತೆಗೆದುಕೊಂಡಿರಬೇಕು. ಆಗಲೂ ದಾರಿ ಇದೆ. ಅದೇ ಕೋರ್ಟಿನಿಂದ ಹೊರದೇಶಕ್ಕೆ ಹೋಗಲು ಅನುಮತಿ ಆದೇಶ ತಂದರೆ ಆ ಅವಧಿಗೆ ಪಾಸ್‌ಪೋರ್ಟ್ ಕೊಡುತ್ತಾರೆ. ಧಾರವಾಡದ ಜುಬ್ಲಿ ಸರ್ಕಲ್‌ನಲ್ಲಿ ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸನ್ನು ಯಾರೂ ನೋಡಲ್ಲ ಅಂತ ಅರ್ಜಿಯಲ್ಲಿ ಮುಚ್ಚಿಡಬೇಡಿ. ಪೊಲೀಸ್ ಪರಿಶೀಲನೆಗೆ ಬಂದಾಗ ಹೇಗೂ ಹೊರಬೀಳುತ್ತದೆ, ಆಮೇಲೆ ಕೇಸಿಗಿಂತ ಸುಳ್ಳೇ ದೊಡ್ಡದಾಗುತ್ತದೆ. ಪಕ್ಷದ ಪದಾಧಿಕಾರಿ ಆಗಿದ್ದರೆ ವಿದೇಶಿ ಸಂಸ್ಥೆ ಟಿಕೆಟ್, ವಸತಿ ಕೊಡುವ ಮೊದಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಅದು ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯಲ್ಲಿದೆ. ಸಾಮಾನ್ಯ ವಿದ್ಯಾರ್ಥಿಗೆ ಆ ತಾಪತ್ರಯ ಇಲ್ಲ.

ಯುರೋಪ್ ಆದರೆ ಷೆಂಗೆನ್ ವೀಸಾಕ್ಕೆ 90 ಯುರೊ, ಜೊತೆಗೆ 30 ಸಾವಿರ ಯುರೊ ಮೊತ್ತದ ವಿಮೆ, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು, ಬೆಂಗಳೂರಿಗೆ ಓಡಾಟ. ಕೊಟ್ಟ ದುಡ್ಡು ವೀಸಾ ಸಿಗದಿದ್ದರೂ ವಾಪಸ್ ಬರಲ್ಲ. ಸಂಘಟಕರ ನೆರವು ಸಿಗುತ್ತದೆ ಅಂದರೆ ಒಂದೇ ಪ್ರಶ್ನೆ ಕೇಳಿ: ಟಿಕೆಟ್ ನೀವೇ ತೆಗೆಸುತ್ತೀರಾ, ಅಥವಾ ನಾನು ಹಾಕಿ ಬಿಲ್ ಕೊಟ್ಟ ಮೇಲೆ ಕೊಡುತ್ತೀರಾ? ಎರಡನೆಯದಾದರೆ ಸಾಲ ಮಾಡಿ ಹೋಗಿ, ತಿಂಗಳುಗಟ್ಟಲೆ ಇಮೇಲ್ ಬರೆಯುತ್ತಾ ಕೂರಬೇಕಾಗಬಹುದು. ಉತ್ತರ ಬರಹದಲ್ಲೇ ತೆಗೆದುಕೊಳ್ಳಿ. ಕಾಲೇಜಿನಲ್ಲಿ 75 ಶೇಕಡಾ ಹಾಜರಾತಿ ಲೆಕ್ಕ ನೋಡಿಕೊಂಡು ವಿಭಾಗದ ಮುಖ್ಯಸ್ಥರಿಗೆ ಮೊದಲೇ ಪತ್ರ ಕೊಡಿ. ಬೋನಾಫೈಡ್ ಹೇಗೂ ವೀಸಾಕ್ಕೆ ಬೇಕು.

ಹುಡುಗಿಯರ ಮನೆಯಲ್ಲಿ ಒಪ್ಪಿಸುವುದು ಬೇರೆಯೇ ಕೆಲಸ. ಇಬ್ಬರು ಸೇರಿ ಹೋಗುವುದು, ವಸತಿ ಎಲ್ಲಿ ಅಂತ ಬರೆದ ಪತ್ರ, ಕಳಿಸುವ ಸಂಘಟನೆಯ ಹಿರಿಯ ಮಹಿಳೆಯೊಬ್ಬರು ಮನೆಗೆ ಬಂದು ಅವ್ವನ ಜೊತೆ ಅರ್ಧ ತಾಸು ಮಾತಾಡುವುದು. ಇವು ಮೂರು ಆದರೆ ಸಾಮಾನ್ಯವಾಗಿ ಅಪ್ಪಂದಿರು ಸುಮ್ನೆ ಆಗುತ್ತಾರೆ.

ಇನ್ನು ಅರ್ಜಿ. ಎಲ್ಲ ಅರ್ಜಿಯಲ್ಲೂ ಒಂದು ಖಾನೆ ಇದ್ದೇ ಇರುತ್ತದೆ, ನೀವು ಯಾಕೆ ಬರಬೇಕು ಅಂತ. ಜಾಸ್ತಿ ಜನ ಬರೆಯುವುದು ಹೀಗೆ: "ಸಮಾಜ ಬದಲಾವಣೆಯಲ್ಲಿ ನನಗೆ ಬಹಳ ಆಸಕ್ತಿ ಇದೆ, ಜಗತ್ತಿನ ಯುವಜನರ ಜೊತೆ ಬೆರೆಯುವ ಅವಕಾಶ ಬೇಕು." ಹೀಗೆ ಬರೆದವು ಸಂಘಟಕರ ಹತ್ತಿರ ಸಾವಿರ ಬಿದ್ದಿರುತ್ತವೆ. ಬದಲಿಗೆ ಹೀಗೆ ಬರೆಯಿರಿ: "ರಾಣೆಬೆನ್ನೂರು ತಾಲ್ಲೂಕಿನಲ್ಲಿ ಬೀಜದ ಹೊಲದಲ್ಲಿ ಕೂಲಿ ಮಾಡುವ ಹೆಣ್ಣುಮಕ್ಕಳ ದಿನಗೂಲಿ ಲೆಕ್ಕ ಬರೆದಿಡುತ್ತಿದ್ದೇನೆ, ಬೇರೆ ದೇಶದಲ್ಲಿ ಇದೇ ಕೆಲಸಕ್ಕೆ ಏನು ಕೊಡುತ್ತಾರೆ, ಯಾರ ಜೊತೆ ಮಾತಾಡಿ ದರ ಏರಿಸಿಕೊಂಡರು ಅಂತ ತಿಳಿಯಬೇಕು, ವಾಪಸ್ ಬಂದು ಅವರ ಸಭೆಯಲ್ಲೇ ಹೇಳುತ್ತೇನೆ." ಲೆಕ್ಕ ನಿಜವಾಗಿ ಬರೆದಿಟ್ಟಿದ್ದರೆ ಮಾತ್ರ ಹೀಗೆ ಬರೆಯಿರಿ, ಫೋನ್ ಮಾಡಿ ಕೇಳುತ್ತಾರೆ. ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್‌ಗೆ ಮಾಡಿಸಿಕೊಳ್ಳಿ. ಸಂಘಟನೆಯ ಶಿಫಾರಸು ಪತ್ರಕ್ಕೆ ಸಹಿ ಮಾಡುವವರು ಕಡೇ ದಿನ ಯಾವಾಗಲೂ ಬೆಂಗಳೂರಿನಲ್ಲಿ ಇರುತ್ತಾರೆ, ಅದನ್ನು ವಾರದ ಮೊದಲೇ ಮಾಡಿಸಿಟ್ಟುಕೊಳ್ಳಿ.